ಊರಿನಲ್ಲಿ ಐದು ಸೆಂಟ್ಸು ಜಾಗ
(ಸಂಘದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ಹೋಟೆಲಿನಲ್ಲಿ ದುಡಿಯುವವರಿರಲಿ, ಮಿಲ್ಲಿನ ಭೋಂಗಾ ಕೇಳಿ ಎದ್ದು ಓಡಿದವರಿರಲಿ, ಮುಂಬಯಿಯ ಕನ್ನಡಿಗರಾದ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಆಸೆಯುಂಟು. ಕುಂದಾಪುರ, ಬೈಂದೂರು, ಕಾಪು, ಮೂಲ್ಕಿಗಳ ಕಡೆ 5 ಸೆಂಟ್ಸು ಜಾಗ ಕೊಂಡು, ಮುರಕಲ್ಲಿನ ಚಿಕ್ಕ ಮನೆ ಕಟ್ಟಿ, ಮುಪ್ಪನ್ನು ಅಲ್ಲಿ ಕಳೆಯಬೇಕೆಂಬುದೇ ಆ ಆಸೆ. ಹತ್ತಡಿಯ ಖೋಲಿಯಲ್ಲಿ ಸಂಸಾರ ಸಾಗಿಸಿದವರಿಗೆ 5 ಸೆಂಟ್ಸು, ಅಂದರೆ ಸುಮಾರು 2,180 ಚದರಡಿ, ಅರಮನೆಯೇ ಸರಿ.

ಈ ಆಸೆ ತಪ್ಪಲ್ಲ. 1982ರ ಜನವರಿಯಲ್ಲಿ ಆರಂಭವಾದ ಮಿಲ್ಲು ಮುಷ್ಕರ ಎಷ್ಟೋ ಮನೆಗಳ ಒಲೆ ಆರಿಸಿದಾಗ, ಊರಿನಲ್ಲಿ ಒಂದು ಸೂರಿದ್ದವನಿಗೆ ಹೋಗಿ ತಂಗಲು ಎಡೆಯಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿ ಊರು ನಮಗೆ ಹತ್ತಿರವಾಯಿತು. ಆದರೆ ದುಡ್ಡುಳ್ಳವರಿಗೂ ಅದು ಹತ್ತಿರವಾಯಿತು. ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಬಾರದೆಂದು ಕರ್ನಾಟಕದಲ್ಲಿದ್ದ ತಡೆಯನ್ನು 2020ರ ತಿದ್ದುಪಡಿ ತೆಗೆದುಹಾಕಿದೆ. ಇಂದು ಕಡಲ ಬದಿಯ ಜಾಗಕ್ಕೆ ಕೈ ಹಾಕುವವರು ನಾವು ಮಾತ್ರವಲ್ಲ. ಅವಸರಪಡಿಸುವ ದಲ್ಲಾಳಿಗಳೂ ಬಹಳ.

ಆದುದರಿಂದ ನಾವು ಹೇಳುವುದಿಷ್ಟೆ: ಮಣ್ಣು ನೋಡಿ ಮರುಳಾಗಬೇಡಿ, ಹಕ್ಕನ್ನು ನೋಡಿ ಮುಂಗಡ ಕೊಡಿ.

ಮೊದಲನೆಯದು ಕುಮ್ಕಿ. ನಮ್ಮ ಜಿಲ್ಲೆಗಳಲ್ಲಿ ವರ್ಗ ಜಾಗದ ಸುತ್ತ ಕುಮ್ಕಿ ಎಂಬ ಜಾಗವಿರುತ್ತದೆ. ಸೊಪ್ಪು, ಸೌದೆ, ಮೇವಿನ ಸವಲತ್ತು ವರ್ಗದಾರನದು, ಭೂಮಿ ಸರಕಾರದ್ದು. ತೋರಿಸುವಾಗ ಬೇಲಿಯೊಳಗಿನದ್ದೆಲ್ಲ ಒಂದೇ ತೋಟ. ಕಾಗದದಲ್ಲಿ ಅರ್ಧ ನಿಮ್ಮದಾಗದಿರಬಹುದು. ಪಹಣಿ ಮತ್ತು ಸರ್ವೆ ನಕ್ಷೆ ಹಿಡಿದು, ಗಡಿಕಲ್ಲು ಅಳೆಸಿಯೇ ಮಾತಾಡತಕ್ಕದ್ದು. ಕೃಷಿಭೂಮಿ ಕೊಳ್ಳಬಹುದೆಂದ ಮಾತ್ರಕ್ಕೆ ಅದರಲ್ಲಿ ಮನೆ ಕಟ್ಟಬಹುದೆಂದಲ್ಲ. ಅದಕ್ಕೆ ಭೂಪರಿವರ್ತನೆ ಆಗಿರಬೇಕು.

ಎರಡನೆಯದು ಪಾಲುದಾರರು. ಅಳಿಯಸಂತಾನ ಕಟ್ಟಿನ ಮನೆತನಗಳಲ್ಲಿ ಹಕ್ಕು ಹೆಣ್ಣಿನ ಮೂಲಕ ಇಳಿದು ಬಂದದ್ದು. ಮಾರುವ ಯಜಮಾನನ ಒಂದು ಸಹಿ ಸಾಲದು. ಪಾಲುಪಟ್ಟಿ ಆಗಿದೆಯೋ, ಅಕ್ಕತಂಗಿಯರ ಒಪ್ಪಿಗೆಯಿದೆಯೋ ನೋಡಬೇಕು. ಇಲ್ಲವಾದರೆ ನಾವು ಕೊಳ್ಳುವುದು ಜಾಗವನ್ನಲ್ಲ, ವ್ಯಾಜ್ಯವನ್ನು.

ಮೂರನೆಯದು ಕಡಲು. ಕರಾವಳಿ ನಿಯಂತ್ರಣ ವಲಯದ ನಿಯಮ 1991ರಿಂದ ಇದೆ. 2019ರ ಅಧಿಸೂಚನೆಯ ಪ್ರಕಾರ ಗ್ರಾಮಾಂತರದಲ್ಲಿ ಭರತದ ಗೆರೆಯಿಂದ 200 ಮೀಟರು, ಜನ ದಟ್ಟವಾಗಿರುವಲ್ಲಿ 50 ಮೀಟರು, ಸಾಮಾನ್ಯವಾಗಿ ಹೊಸ ಕಟ್ಟಡಕ್ಕೆ ಎಡೆಯಿಲ್ಲ. ಉಬ್ಬರದ ನೀರು ಏರುವ ಹೊಳೆಗಳಿಗೂ ನಿಯಮವುಂಟು. ಜಾಗವನ್ನು ಚೈತ್ರದಲ್ಲಿ ನೋಡಿದರೆ ಸಾಲದು, ಆಟಿಯ ಮಳೆಯಲ್ಲೂ ನೋಡಿ. ಕಡಲ್ಕೊರೆತ ಎಲ್ಲಿಯ ತನಕ ಬರುತ್ತದೆ, ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುತ್ತದೆಯೇ ಎಂದು ನೆರೆಮನೆಯ ಹೆಂಗಸರನ್ನು ಕೇಳಿ. ದಲ್ಲಾಳಿ ಹೇಳದ್ದನ್ನು ಅವರು ಹೇಳುವರು.

ನಾಲ್ಕನೆಯದು ಹೆಸರು. ರಜೆ ಸಿಗದೆಂದು ಊರಲ್ಲಿರುವ ತಮ್ಮನ ಹೆಸರಿನಲ್ಲಿ ಜಾಗ ಕೊಂಡವರು ನಮ್ಮಲ್ಲಿ ಕಡಿಮೆಯಿಲ್ಲ. 1988ರ ಬೇನಾಮಿ ಕಾಯಿದೆಯ ಮೇಲೆ ಅಂಥದ್ದನ್ನು ಕೋರ್ಟಿನಲ್ಲಿ ಮರಳಿ ಪಡೆಯುವುದು ಬಹು ಕಷ್ಟ. ಬೆವರು ನಿಮ್ಮದಾದರೆ ಹೆಸರೂ ನಿಮ್ಮದಿರಲಿ. ಹೆಂಡತಿಯ ಹೆಸರೂ ಜೊತೆಗಿರಲಿ. ಬರೇ ಮುಖ್ತ್ಯಾರುನಾಮೆಯಿಂದ ಒಡೆತನ ಬರುವುದಿಲ್ಲವೆಂದು ಸುಪ್ರೀಂ ಕೋರ್ಟು 2011ರಲ್ಲಿ ಹೇಳಿದೆ. ನೋಂದಾಯಿತ ಕ್ರಯಪತ್ರವೇ ಬೇಕು. ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ಮತ್ತು ಮೇಲ್ಪಟ್ಟ ಮುಂಗಡವನ್ನು ನಗದಾಗಿ ತೆಗೆದುಕೊಳ್ಳುವುದನ್ನು ಆದಾಯ ತೆರಿಗೆ ಕಾಯಿದೆ 2015ರಿಂದ ನಿಷೇಧಿಸಿದೆ. ಬ್ಯಾಂಕಿನ ಮೂಲಕವೇ ಕೊಡಿ. ಅದೇ ನಿಮ್ಮ ಸಾಕ್ಷಿ.

ಕೊನೆಯದಾಗಿ ಒಂದು ಮಾತು. ಜಾಗ ಕೊಳ್ಳುವುದು ಯಾರಿಗೆ ತೋರಿಸಲು? ವರ್ಷಕ್ಕೊಮ್ಮೆ ನೇಮಕ್ಕೋ ಮದುವೆಗೋ ಬಾಗಿಲು ತೆರೆಯುವ ಎರಡು ಮಾಳಿಗೆಯ ಮನೆಗಿಂತ, ಬಸ್ಸು, ಆಸ್ಪತ್ರೆ, ಸಿಹಿನೀರು ಹತ್ತಿರವಿರುವ ಎರಡು ಕೋಣೆಯ ಮನೆ ಮೇಲು. ಬೀಗ ಹಾಕಿದ ಮನೆಯನ್ನು ಗೆದ್ದಲು ತಿನ್ನುತ್ತದೆ, ಸಾಲದ ಬಡ್ಡಿ ನಮ್ಮನ್ನು ತಿನ್ನುತ್ತದೆ.

ಒಬ್ಬೊಬ್ಬರಾಗಿ ಮೋಸಹೋಗುವ ಬದಲು ಹತ್ತು ಮಂದಿ ಸೇರಿ ಒಬ್ಬ ವಕೀಲರಿಗೆ ಕಾಗದ ತೋರಿಸೋಣ. ವಕೀಲರ ಶುಲ್ಕ ಒಂದು ತಿಂಗಳ ದುಡಿಮೆಯಾದರೂ ಆಗಲಿ. ಕಳೆದುಹೋಗುವುದಾದರೋ ಮೂವತ್ತು ವರ್ಷಗಳ ದುಡಿಮೆ.