ಅಂತರಾತ್ಮದ ಮತ ಮತ್ತು ಅನಾಮಧೇಯ ಕರಪತ್ರ

(ಧಾರವಾಡದ ಸಭೆಯೊಂದರಲ್ಲಿ ಮಾಡಿದ ಭಾಷಣ)



ರಾಷ್ಟ್ರಪತಿಯನ್ನು ನಾವು ನೀವು ಚುನಾಯಿಸುವುದಿಲ್ಲ. ಸಂಸದರೂ ಶಾಸಕರೂ ಚುನಾಯಿಸುತ್ತಾರೆ. ಹಾಗಿರುವಾಗ ಅಲ್ಲಿ ಪತ್ರಿಕೆಗಳಿಗೇನು ಕೆಲಸವೆಂದು ಕೇಳಬಹುದು. 1969ರ ಚುನಾವಣೆಯನ್ನು ಸ್ವಲ್ಪ ಅವಲೋಕಿಸೋಣ.

ಆ ವರ್ಷ ಮೇ 3ರಂದು ರಾಷ್ಟ್ರಪತಿ ಡಾ. ಝಾಕಿರ್ ಹುಸೇನ್ ನಿಧನರಾದರು. ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಸೇರಿತು. ಪಕ್ಷದ ಅಧ್ಯಕ್ಷರು ನಮ್ಮ ನಾಡಿನ ಎಸ್. ನಿಜಲಿಂಗಪ್ಪ. ಸಂಸದೀಯ ಮಂಡಳಿಯು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿತು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಸಮ್ಮತವಾಗಿರಲಿಲ್ಲ. ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ವಿ.ವಿ. ಗಿರಿ ಸ್ವತಂತ್ರ ಅಭ್ಯರ್ಥಿಯಾದರು. 'ಅಂತರಾತ್ಮದ ಮತ' ಎಂಬ ಘೋಷಣೆ ಹುಟ್ಟಿತು.

ಎರಡನೆಯ ಪ್ರಾಶಸ್ತ್ಯದ ಮತಗಳಿಗಾಗಿ ನಿಜಲಿಂಗಪ್ಪನವರು ಜನಸಂಘ ಮತ್ತು ಸ್ವತಂತ್ರ ಪಕ್ಷಗಳ ನಾಯಕರನ್ನು ಕಂಡದ್ದು ನಿಜ. ಸುದ್ದಿ ಸುಳ್ಳಲ್ಲ. ಆದರೆ ಗಿರಿಯವರಿಗೂ ಕಮ್ಯುನಿಸ್ಟರ, ಡಿಎಂಕೆಯ ಬೆಂಬಲವಿತ್ತು. ಒಂದು ಹೊಂದಾಣಿಕೆ ಪಿತೂರಿಯೆನಿಸಿತು, ಇನ್ನೊಂದು ಅಂತರಾತ್ಮವೆನಿಸಿತು. 'ಸಿಂಡಿಕೇಟ್' ಎಂಬ ಒಂದೇ ಪದದಿಂದ ಹಿರಿಯ ನಾಯಕರೆಲ್ಲರ ವಿಚಾರಣೆ ಮುಗಿದುಹೋಯಿತು. ನಮ್ಮ ದೋಷವನ್ನೂ ಹೇಳಬೇಕು: ಜನಸಂಘದ ಹೆಸರು ಕಂಡೊಡನೆ ಮುಂದಿನ ಸಾಲನ್ನು ಓದದಿರುವುದು ನಮ್ಮ ಅಭ್ಯಾಸ.

ಧಾರವಾಡಕ್ಕೆ 1950ರಲ್ಲೇ ಆಕಾಶವಾಣಿ ಕೇಂದ್ರ ಬಂದಿತ್ತು. ಆದರೆ ಆಕಾಶವಾಣಿಯೆಂದರೆ ಅಂದು ಕೇಂದ್ರ ಸರಕಾರದ ಇಲಾಖೆ. ವಿವಾದದ ಒಂದು ಪಕ್ಷವೇ ದೇಶದ ರೇಡಿಯೋದ ಒಡೆತನ ಹೊಂದಿತ್ತು! ಪ್ರಸಾರ ಭಾರತಿ ಸ್ಥಾಪನೆಯಾದದ್ದು 1997ರಲ್ಲಿ.

ಇವೆಲ್ಲಕ್ಕಿಂತ ಹೇಯವಾದುದು ಒಂದು ಕರಪತ್ರ. ಸಹಿಯಿಲ್ಲದ ಆ ಕಾಗದದಲ್ಲಿ ರೆಡ್ಡಿಯವರ ಶೀಲದ ಮೇಲೆ ಅಶ್ಲೀಲ ಆರೋಪಗಳಿದ್ದವು. ಅದು ಅಂಚೆಯಲ್ಲಿ ಸಂಸದರ ಕೈಸೇರಿತು, ಸಂಸತ್ತಿನ ಸೆಂಟ್ರಲ್ ಹಾಲ್‌ನಲ್ಲೂ ಹರಿದಾಡಿತು. ವಿದ್ಯಾವಂತ ಪ್ರತಿನಿಧಿಗಳೇ ಅದನ್ನು ಕೈಯಿಂದ ಕೈಗೆ ದಾಟಿಸಿದರೆಂದ ಮೇಲೆ, ಇಂದು ಮೊಬೈಲಿನಲ್ಲಿ ಬಂದುದನ್ನು ಹತ್ತು ಜನರಿಗೆ ಕಳುಹಿಸುವ ನಮ್ಮ ಮಕ್ಕಳನ್ನು ಯಾವ ಬಾಯಿಂದ ಗದರಿಸೋಣ?

ಆಗಸ್ಟ್ 20ರಂದು ಎಣಿಕೆ ನಡೆಯಿತು. ಮೊದಲ ಪ್ರಾಶಸ್ತ್ಯದಲ್ಲಿ ಯಾರಿಗೂ ಬಹುಮತವಿಲ್ಲ. ಎರಡನೆಯ ಪ್ರಾಶಸ್ತ್ಯ ಸೇರಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಒಬ್ಬ ಸಂಸದನ ಮತದ ಮೌಲ್ಯ ಅಂದು 576. ಕೇವಲ 13 ಸಂಸದರು ಆಚೆಗೆ ಸರಿದಿದ್ದರೆ ಫಲಿತಾಂಶವೇ ತಲೆಕೆಳಗಾಗುತ್ತಿತ್ತು. ಅಷ್ಟು ಮನಸ್ಸುಗಳನ್ನು ತಿರುಗಿಸಲು ಒಂದು ಶೀರ್ಷಿಕೆ, ಒಂದು ವದಂತಿ ಸಾಕಾಗದೆ?

ತಕರಾರು ಅರ್ಜಿ ಸುಪ್ರೀಂ ಕೋರ್ಟಿಗೆ ಹೋಯಿತು. ಪದವಿಯಲ್ಲಿದ್ದ ರಾಷ್ಟ್ರಪತಿಯೇ ಸ್ವತಃ ಬಂದು ಸಾಕ್ಷ್ಯ ನುಡಿದರು. 1970ರ ಮೇ ತಿಂಗಳಲ್ಲಿ ಅರ್ಜಿ ವಜಾ ಆಯಿತು. ಅಷ್ಟರಲ್ಲಿ ಕಾಂಗ್ರೆಸ್ ಎರಡು ಹೋಳಾಗಿತ್ತು.

1977ರಲ್ಲಿ ನಮ್ಮ ಜಮಖಂಡಿ ಸೀಮೆಯ ಬಿ.ಡಿ. ಜತ್ತಿಯವರು ಹಂಗಾಮಿ ರಾಷ್ಟ್ರಪತಿಯಾಗಿದ್ದಾಗ ಮತ್ತೆ ಚುನಾವಣೆ ಬಂತು. ಸಂಜೀವ ರೆಡ್ಡಿಯವರು ಅವಿರೋಧವಾಗಿ ಆಯ್ಕೆಯಾದರು. ಈ ಬಾರಿ ಕರಪತ್ರ ಹಂಚಲು ಯಾರೂ ಬರಲಿಲ್ಲ.