ಅಡುಗೆಮನೆಯ ಚೂರಿ

ಯರಗುಪ್ಪಿಯಂತಹ ಊರುಗಳ ಅಡುಗೆಮನೆಯಲ್ಲಿ ಈಳಿಗೆಗೇ ಅಗ್ರಸ್ಥಾನವು. ಮಣೆಯನ್ನು ಕಾಲಿನಿಂದ ಒತ್ತಿಹಿಡಿದರೆ ಎರಡು ಕೈಗಳೂ ಬದನೆಗೆ ಬಿಡುವು. ನಿಂತು ಅಡುಗೆ ಮಾಡುವ ಕಟ್ಟೆ ಬಂದ ಮೇಲೆ ಚೂರಿಯನ್ನು ಆರಿಸುವ ಹೊಣೆಯೂ ಬಂದಿತು. ಹೊಳಪಿಗೆ ಮರುಳಾಗಿ ನಾವು ಕೊಂಡುತಂದ ಮೊಂಡು ಚೂರಿಯು ಟೊಮೆಟೊ ಸಿಪ್ಪೆಯ ಮೇಲೆ ಜಾರಿ ಮನೆಯವರ ಹೆಬ್ಬೆರಳನ್ನು ಸೀಳಿತು. ಮೊಂಡು ಅಲಗಿಗೆ ಬಲ ಹೆಚ್ಚು ಬೇಕು; ಅಪಾಯವಿರುವುದು ಅಲ್ಲಿಯೇ.

1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿಯು ತಯಾರಿಸಿದ ಕಲೆಗಟ್ಟದ ಉಕ್ಕಿನ ಜಾತಿಯು ಹುಣಿಸೆ, ನಿಂಬೆಗಳಿಗೆ ಅಂಜದು. ಕಂಬಾರನ ಕುಲುಮೆಯ ಉಕ್ಕು ಕಪ್ಪಾಗುವುದು ನಿಜ. ಆದರೆ ಕಲ್ಲಿನ ಮೇಲೆ ನಾಲ್ಕು ಸಲ ಮಸೆದರೆ ಮತ್ತೆ ಹರಿತವಾಗುವುದು. ಒರಸಿಡುವ ಶಿಸ್ತುಳ್ಳವರು ಇದನ್ನೇ ಕೊಳ್ಳಲಿ. ಅಲಗಿನ ಉಕ್ಕು ಹಿಡಿಯ ತುದಿಯವರೆಗೂ ಹಾಯ್ದಿರಬೇಕು. ಕೊಳ್ಳುವ ಮೊದಲು ದಿನವೂ ಹೆಚ್ಚುವವರ ಕೈಗೆ ಕೊಟ್ಟು ನೋಡಿರಿ, ನಾವು ಹಾಗೆ ಮಾಡಿರಲಿಲ್ಲ.