ದೋಣಿಯ ಮೋಟಾರೂ ಮೀನುಶೋಧಕದ ಗದ್ದಲವೂ

(ಶಾಲೆಯ ವಿಜ್ಞಾನ ಸಂಘದ ವಾರ್ಷಿಕ ಸಭೆಯಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ವಿಜ್ಞಾನದ ಒಂದು ವಿಷಯವನ್ನು ಕುರಿತು ಮಾತನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ನಕ್ಷತ್ರಲೋಕವನ್ನಾಗಲಿ ಪರಮಾಣುವನ್ನಾಗಲಿ ಆರಿಸಿಕೊಳ್ಳದೆ, ಒಂದು ಸಣ್ಣ ದೋಣಿಯೊಳಗೆ ನಡೆಯುವ ಸಣ್ಣ ಜಗಳವೊಂದನ್ನು ನಾವು ಆರಿಸಿಕೊಂಡೆವು. ಜಗಳಗಾರರು ಇಬ್ಬರು. ಒಬ್ಬನು ದೋಣಿಯನ್ನು ಮೆಲ್ಲನೆ ನಡೆಸುವ ವಿದ್ಯುತ್ ಮೋಟಾರು; ಇನ್ನೊಬ್ಬನು ನೀರಿನ ಆಳವನ್ನೂ ಅಲ್ಲಿರುವ ಮೀನನ್ನೂ ತೋರಿಸುವ ಫಿಶ್ ಫೈಂಡರ್, ಎಂದರೆ ಮೀನುಶೋಧಕ. ಬೇರೆ ಬೇರೆಯಾಗಿ ದುಡಿಸಿದರೆ ಇಬ್ಬರೂ ಸಜ್ಜನರು. ಒಟ್ಟಿಗೆ ದುಡಿಸಿದರೆ ಮೀನುಶೋಧಕದ ಪರದೆಯ ತುಂಬ ಗೆರೆಗಳೂ ಚುಕ್ಕೆಗಳೂ ಮುತ್ತಿಕೊಳ್ಳುವುವು. ಆಳದ ಅಂಕಿ ಕುಣಿಯತೊಡಗುವುದು.

ಇದು ಬರಿಯ ವಿನೋದದ ವಿಷಯವಲ್ಲ. ನಮ್ಮ ಮಕ್ಕಳಲ್ಲಿ ಕೆಲವರ ಮನೆಯವರು ಕಡಲಿಗೆ ಹೋಗುವವರು. ಪರದೆಯ ಅಂಕಿಯನ್ನು ನಂಬಿ ದೋಣಿ ನಡೆಸುವವನಿಗೆ ಆ ಅಂಕಿ ಸುಳ್ಳಾದರೆ ಕಲ್ಲಿನ ಮೇಲೆ ದೋಣಿ ಏರಬಹುದು. ಮತ್ತೊಂದು ಕಡೆ, ಗದ್ದಲ ಕಂಡೊಡನೆ ಯಂತ್ರವೇ ಕೆಟ್ಟಿತೆಂದು ಭಾವಿಸಿ, ಸಾಲಮಾಡಿ ಹೊಸತನ್ನು ಕೊಂಡವನು, ಹೊಸತರಲ್ಲಿಯೂ ಅದೇ ಗದ್ದಲವನ್ನು ಕಂಡು ತಲೆಯ ಮೇಲೆ ಕೈಯಿಡಬೇಕಾಗುವುದು. ದೋಷವಿರುವುದು ಬಹುಮಟ್ಟಿಗೆ ಯಂತ್ರದಲ್ಲಲ್ಲ, ತಂತಿಗಳನ್ನು ಎಳೆದ ರೀತಿಯಲ್ಲಿ.

ಮೊದಲು ಮೀನುಶೋಧಕದ ಕೆಲಸವನ್ನು ತಿಳಿಯೋಣ. ನಮ್ಮ ಹಿರಿಯರು ಸೀಸದ ಗುಂಡನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಿ, ಇಷ್ಟು ಮಾರು ಆಳವೆಂದು ಅಳೆಯುತ್ತಿದ್ದರು. ಜರ್ಮನಿಯ ಅಲೆಕ್ಸಾಂಡರ್ ಬೆಹ್ಮನು 1913ರಲ್ಲಿ ಹಗ್ಗಕ್ಕೆ ಬದಲಾಗಿ ಪ್ರತಿಧ್ವನಿಯಿಂದ ಆಳವನ್ನು ಅಳೆಯುವ ಉಪಾಯಕ್ಕೆ ಪೇಟೆಂಟು ಪಡೆದನು. ಜಪಾನಿನ ನಾಗಸಾಕಿ ಪ್ರಾಂತದ ಫುರುನೋ ಸಹೋದರರು 1948ರಲ್ಲಿ ಇದೇ ತತ್ತ್ವದಿಂದ ಮೀನನ್ನು ಹುಡುಕುವ ಉಪಕರಣವನ್ನು ಬೆಸ್ತರ ಕೈಗೆ ತಲುಪಿಸಿದರು. 1957ರಲ್ಲಿ ಅಮೆರಿಕದ ಲೋರೆನ್ಸ್ ಕುಟುಂಬದವರು ಸಣ್ಣ ದೋಣಿಗಳಿಗೆ ಒಪ್ಪುವ ಟ್ರಾನ್ಸಿಸ್ಟರ್ ಉಪಕರಣವನ್ನು ಮಾಡಿದರು.

ದೋಣಿಯ ತಳದಲ್ಲಿ ಟ್ರಾನ್ಸ್‌ಡ್ಯೂಸರ್ ಎಂಬ ಸಣ್ಣ ಗುಂಡಿಯಿದೆ. ವಿದ್ಯುತ್ತನ್ನು ಧ್ವನಿಯನ್ನಾಗಿಯೂ ಧ್ವನಿಯನ್ನು ವಿದ್ಯುತ್ತನ್ನಾಗಿಯೂ ಮಾರ್ಪಡಿಸುವುದು ಅದರ ಧರ್ಮ. ನಮ್ಮ ಕಿವಿಗೆ ಸೆಕೆಂಡಿಗೆ 20,000 ಕಂಪನಗಳ ಆಚೆಗಿನ ಧ್ವನಿ ಕೇಳಿಸದು. ಈ ಗುಂಡಿಯಾದರೋ ಸಾಮಾನ್ಯವಾಗಿ 50,000 ಅಥವಾ 2,00,000 ಕಂಪನಗಳ ಧ್ವನಿಯನ್ನು ಹೊರಡಿಸುವುದು. ಕಡಲ ನೀರಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1,500 ಮೀಟರು. ತಳವು 15 ಮೀಟರು, ಎಂದರೆ ಸುಮಾರು 8 ಮಾರು ಆಳದಲ್ಲಿದ್ದರೆ, ಧ್ವನಿಯು ಹೋಗಿ ಬರಲು 30 ಮೀಟರು ನಡೆಯಬೇಕು. ಅದಕ್ಕೆ ಸೆಕೆಂಡಿನ 50ನೆಯ ಒಂದು ಭಾಗ ಸಾಕು. ಈ ಕಾಲವನ್ನು ಎಣಿಸಿಯೇ ಯಂತ್ರವು ಆಳವನ್ನು ಹೇಳುವುದು. ನಡುವೆ ಮೀನಿದ್ದರೆ ಅದರ ಹೊಟ್ಟೆಯೊಳಗಿನ ಗಾಳಿಚೀಲವು ಧ್ವನಿಯನ್ನು ಹಿಂದಕ್ಕೆ ಹೊಡೆಯುವುದು. ಆದರೆ ಹಿಂದಿರುಗುವ ಧ್ವನಿ ಅತ್ಯಂತ ಕ್ಷೀಣವಾದುದು. ಆ ಪಿಸುಮಾತನ್ನು ಕೇಳಲು ಯಂತ್ರವು ಕಿವಿಯನ್ನು ಬಹಳವಾಗಿ ನಿಮಿರಿಸಿಕೊಂಡಿರುವುದು. ಅದೇ ಅದರ ಗುಣ. ಅದೇ ಅದರ ದೌರ್ಬಲ್ಯ.

ಇನ್ನು ಮೋಟಾರಿನ ಮಾತು. ಅಮೆರಿಕದ ಉತ್ತರ ಡಕೋಟಾ ಸಂಸ್ಥಾನದ ಫಾರ್ಗೋ ಎಂಬ ಊರಿನಲ್ಲಿ ಓ. ಜಿ. ಶ್ಮಿಟ್ ಎಂಬಾತನು 1934ರಲ್ಲಿ ಗಾಲಿಹಲ್ಲುಗಳ ವಿದ್ಯುತ್ ಟ್ರೋಲಿಂಗ್ ಮೋಟಾರನ್ನು ಮಾಡಿದನು. ಸದ್ದಿಲ್ಲದೆ ನಡೆಯುವುದರಿಂದ ಸರೋವರಗಳಲ್ಲಿ ಗಾಳ ಹಾಕುವವರಿಗೆ ಅದು ಪ್ರಿಯವಾಯಿತು. ಹಿಂದೆ ವೇಗವನ್ನು ತಗ್ಗಿಸಲು ತಂತಿಯ ಸುರುಳಿಯ ಮೂಲಕ ವಿದ್ಯುತ್ತನ್ನು ಹರಿಸಿ, ಹೆಚ್ಚಿನ ಶಕ್ತಿಯನ್ನು ಬಿಸಿಯಾಗಿ ಕಳೆಯುತ್ತಿದ್ದರು. ಈಗಿನ ಅನೇಕ ಮೋಟಾರುಗಳಲ್ಲಿ ಸೆಕೆಂಡಿಗೆ ಸಾವಿರಾರು ಸಲ ವಿದ್ಯುತ್ತನ್ನು ಕೊಟ್ಟು ತಡೆದು, ಕೊಟ್ಟು ತಡೆದು ವೇಗವನ್ನು ನಿಯಂತ್ರಿಸುವರು. ಇದರಿಂದ ಬ್ಯಾಟರಿ ಹೆಚ್ಚು ಹೊತ್ತು ಬರುವುದು. ಆದರೆ ಬಾಗಿಲನ್ನು ಮೆಲ್ಲನೆ ಮುಚ್ಚಿದರೆ ಸದ್ದಿಲ್ಲ; ರಪ್ಪನೆ ಬಡಿದರೆ ಅಟ್ಟದ ಮೇಲಿನ ಪಾತ್ರೆಗಳೂ ಕಂಪಿಸುವುವು. ಹತ್ತಾರು ಆಂಪಿಯರ್ ವಿದ್ಯುತ್ತನ್ನು ಹೀಗೆ ರಪ್ಪರಪ್ಪನೆ ತಡೆಯುವಾಗ ಅನೇಕ ಆವರ್ತನಗಳ ಗದ್ದಲವು ಹುಟ್ಟಿ, ಅದರಲ್ಲಿ ಒಂದಂಶವು ಮೀನುಶೋಧಕವು ಕಿವಿಗೊಟ್ಟಿರುವ ಆವರ್ತನಕ್ಕೇ ಬಂದು ಬೀಳುವುದು.

ಈ ಗದ್ದಲವು ಎರಡು ದಾರಿಗಳಿಂದ ಬರುವುದು. ಎರಡು ಯಂತ್ರಗಳಿಗೂ ಒಂದೇ ಬ್ಯಾಟರಿಯಿದ್ದರೆ ತಂತಿಯ ಮೂಲಕವೇ ಬರುವುದು ಒಂದು. ಮೋಟಾರಿನ ದಪ್ಪ ತಂತಿಯ ಪಕ್ಕದಲ್ಲಿ ಟ್ರಾನ್ಸ್‌ಡ್ಯೂಸರಿನ ತಂತಿ ಹಾದುಹೋದಲ್ಲಿ, ಮುಟ್ಟದೆಯೆ ಹಾರಿ ಬರುವುದು ಇನ್ನೊಂದು. ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೆ ಪರೀಕ್ಷಿಸಬಹುದು. ಬ್ಯಾಟರಿಯ ರೇಡಿಯೋವನ್ನು ಮೀಡಿಯಂ ವೇವಿನಲ್ಲಿ, ಯಾವ ನಿಲಯವೂ ಇಲ್ಲದ ಕಡೆ ಇಟ್ಟು, ಉರಿಯುವ ಎಲ್ಇಡಿ ದೀಪಗಳ ಬಳಿಗೆ ಒಂದೊಂದಾಗಿ ಒಯ್ಯಿರಿ. ಕೆಲವು ದೀಪಗಳ ಬಳಿ ಗರಗರ ಸದ್ದು ಹೆಚ್ಚುವುದು. ದೂರ ಸರಿದಂತೆ ತಗ್ಗುವುದು. ರೇಡಿಯೋವನ್ನು ತಿರುಗಿಸಿದರೂ ಬದಲಾಗುವುದು. ದೂರವೂ ದಿಕ್ಕೂ ಎಷ್ಟು ಮುಖ್ಯವೆಂಬುದು ಇದರಿಂದಲೆ ತಿಳಿಯುವುದು.

ಈಗ ಪರೀಕ್ಷೆಯ ಕ್ರಮ. ವೈದ್ಯನು ನಾಡಿ ನೋಡದೆ ಮದ್ದು ಕೊಡನು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.

ಮೊದಲನೆಯದಾಗಿ, ದೋಣಿಯನ್ನು ನೀರಿನಲ್ಲಿ ಕಟ್ಟಿ ನಿಲ್ಲಿಸಿ, ಮೋಟಾರನ್ನು ಆರಿಸಿ ಪರದೆಯನ್ನು ನೋಡಬೇಕು. ಆಗಲೂ ಗದ್ದಲವಿದ್ದರೆ ಕಳ್ಳನು ಬೇರೆ: ಪಂಪು, ಚಾರ್ಜರು, ಅಥವಾ ಹತ್ತಿರದ ದೋಣಿಯ ಮೀನುಶೋಧಕ. ಎರಡನೆಯದಾಗಿ, ಮೋಟಾರನ್ನು ಕಡಿಮೆ, ನಡುತರ, ಪೂರ್ಣ ವೇಗಗಳಲ್ಲಿ ನಡೆಸಬೇಕು. ಪೂರ್ಣ ವೇಗದಲ್ಲಿ ವಿದ್ಯುತ್ತನ್ನು ತಡೆಯುವ ಕೆಲಸ ಸಾಮಾನ್ಯವಾಗಿ ಇರುವುದಿಲ್ಲ. ನಡುತರ ವೇಗದಲ್ಲಿ ಗದ್ದಲವಿದ್ದು ಪೂರ್ಣ ವೇಗದಲ್ಲಿ ಮಾಯವಾದರೆ, ಅಪರಾಧಿ ವೇಗನಿಯಂತ್ರಕವೇ. ವೇಗ ಏರಿದಂತೆಲ್ಲ ಗದ್ದಲವೂ ಏರಿದರೆ, ಅದು ವಿದ್ಯುತ್ತಿನದಲ್ಲದೆ ರೆಕ್ಕೆಗಳೆಬ್ಬಿಸುವ ಗುಳ್ಳೆಗಳದಿರಬಹುದು. ಆಗ ಟ್ರಾನ್ಸ್‌ಡ್ಯೂಸರಿನ ಸ್ಥಾನವನ್ನೇ ಬದಲಿಸಬೇಕು. ಮೂರನೆಯದಾಗಿ, ಮೀನುಶೋಧಕಕ್ಕೆ ಸಣ್ಣದೊಂದು ಪ್ರತ್ಯೇಕ ಬ್ಯಾಟರಿಯನ್ನು ಜೋಡಿಸಿ ನೋಡಬೇಕು. ಗದ್ದಲ ನಿಂತರೆ ಅದು ತಂತಿಯ ದಾರಿಯಿಂದ ಬಂದುದು. ನಿಲ್ಲದಿದ್ದರೆ ಹಾರಿ ಬಂದುದು. ನಾಲ್ಕನೆಯದಾಗಿ, ಟ್ರಾನ್ಸ್‌ಡ್ಯೂಸರಿನ ತಂತಿಯನ್ನು ಕೈಯಿಂದ ಅತ್ತಿತ್ತ ಸರಿಸಿ ನೋಡಬೇಕು. ಪರದೆಯಲ್ಲಿ ವ್ಯತ್ಯಾಸ ಕಂಡರೆ ದಾರಿ ಸಿಕ್ಕಿದಂತೆಯೆ.

ಪರೀಕ್ಷೆ ಸರಿಯಾದರೆ ಪರಿಹಾರ ಸುಲಭ. ಎರಡು ಯಂತ್ರಗಳಿಗೂ ಬೇರೆ ಬೇರೆ ಬ್ಯಾಟರಿಯಿಡುವುದು ಉತ್ತಮ. ಅದು ಆಗದಿದ್ದಲ್ಲಿ, ಮೀನುಶೋಧಕದ ತಂತಿಯನ್ನು ಮೋಟಾರಿನ ತಂತಿಯಿಂದ ಕವಲೊಡೆಸದೆ ನೇರವಾಗಿ ಬ್ಯಾಟರಿಯ ತುದಿಗಳಿಗೇ ಒಯ್ಯಬೇಕು. ಮೋಟಾರಿನ ತಂತಿ ದೋಣಿಯ ಎಡಪಕ್ಕದಲ್ಲಿದ್ದರೆ ಟ್ರಾನ್ಸ್‌ಡ್ಯೂಸರಿನದು ಬಲಪಕ್ಕದಲ್ಲಿರಲಿ; ದಾಟಲೇಬೇಕಾದಲ್ಲಿ ಲಂಬವಾಗಿ ದಾಟಲಿ. ಮೋಟಾರಿಗೆ ಹೋಗುವ ಮತ್ತು ಹಿಂದಿರುಗುವ ಎರಡು ತಂತಿಗಳನ್ನು ಜೊತೆಯಾಗಿ ಹೊಸೆದರೆ, ಅವುಗಳ ಸುತ್ತಣ ಕಾಂತಕ್ಷೇತ್ರಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸುವುವು. ತಂತಿ ಸಾಕಷ್ಟು ದಪ್ಪವಿರಲಿ. ಉಪ್ಪುನೀರಿನಿಂದ ಹಸಿರುಗಟ್ಟಿದ ತುದಿಗಳನ್ನು ಉಜ್ಜಿ ಬಿಗಿಯಬೇಕು. ಬಳಿಕವೂ ಗದ್ದಲ ಉಳಿದರೆ ಫೆರೈಟ್ ಎಂಬ ಕಪ್ಪು ಬಳೆಯನ್ನು ಮೀನುಶೋಧಕದ ತಂತಿಗೆ ತೊಡಿಸಬಹುದು. ಟ್ರಾನ್ಸ್‌ಡ್ಯೂಸರಿನ ತಂತಿ ಉದ್ದವಾಯಿತೆಂದು ಅದನ್ನು ಕತ್ತರಿಸಲೇಬಾರದು. ಒಳಗಿನ ಕವಚದ ಹೆಣಿಗೆ ಕೆಟ್ಟರೆ ರಕ್ಷಣೆಯೆ ಹೋದಂತೆ.

ಎರಡು ಎಚ್ಚರಿಕೆಗಳನ್ನು ಪೋಷಕರ ಗಮನಕ್ಕೆ ತರಬಯಸುತ್ತೇವೆ. ಯಾವ ತಂತಿಯನ್ನು ಜೋಡಿಸಿದರೂ, ತಯಾರಕರು ಹೇಳಿದ ಅಳತೆಯ ಫ್ಯೂಸನ್ನು ಬ್ಯಾಟರಿಯ ಹತ್ತಿರದಲ್ಲಿಯೆ ಹಾಕಬೇಕು. ಸೀಸದ ಬ್ಯಾಟರಿಗೆ ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಹೊರಡುವುದು. ಅದು ಕಿಡಿ ತಾಗಿದರೆ ಸಿಡಿಯುವಂಥದು. ಆದುದರಿಂದ ಮಕ್ಕಳು ಹಿರಿಯರಿಲ್ಲದೆ ಇದಕ್ಕೆ ಕೈಹಾಕಬಾರದು.

ಯಂತ್ರದೊಳಗೇ ಗದ್ದಲವನ್ನು ತಗ್ಗಿಸುವ ಗುಂಡಿಯಿದೆಯಲ್ಲ, ಇಷ್ಟು ಶ್ರಮವೇಕೆ ಎಂದು ಯಾರಾದರೂ ಕೇಳಬಹುದು. ಗುಂಡಿಯಿರುವುದು ನಿಜ. ಆದರೆ ಕಿವಿಯನ್ನು ಮಂದಗೊಳಿಸಿದರೆ ಗದ್ದಲದೊಡನೆ ಪಿಸುಮಾತೂ ಹೋಗುವುದು. ಪರದೆ ಸ್ವಚ್ಛವಾಗಿ ಕಾಣುವುದು, ಸಣ್ಣ ಮೀನೂ ಮಂದವಾದ ಪ್ರತಿಧ್ವನಿಯೂ ಅದರಿಂದ ಅಳಿಸಿಹೋಗಿರುವುವು. ಸ್ವಚ್ಛವಾದ ಪರದೆಯೆಲ್ಲ ಸತ್ಯವಾದ ಪರದೆಯಲ್ಲ. ಕಾರಣವನ್ನು ಕಳೆದ ಮೇಲೆ, ಉಳಿದ ಅಲ್ಪಸ್ವಲ್ಪಕ್ಕೆ ಮಾತ್ರ ಆ ಗುಂಡಿಯನ್ನು ಉಪಯೋಗಿಸುವುದು ವಿವೇಕ.

ಸರೋವರದ ಆ ಮೋಟಾರು ನಮ್ಮ ಕಡಲಿನಲ್ಲಿ ವಿರಳ. ಆದರೆ ಎಂಜಿನಿನ ಆಲ್ಟರ್ನೇಟರೂ ಇಂಥದೇ ಉಪಟಳವನ್ನು ಕೊಡಬಲ್ಲುದು. ಪರೀಕ್ಷೆಯ ಕ್ರಮವೂ ಇದೇ. ಮೇಲಾಗಿ ನಮ್ಮ ಕೇರಳದ ವೈಕಂ–ತವಣಕ್ಕಡವು ಕಡವಿನಲ್ಲಿ 2017ರ ಜನವರಿಯಲ್ಲಿ ‘ಆದಿತ್ಯ’ ಎಂಬ ಸೌರಶಕ್ತಿಯ ದೋಣಿ ಸಂಚಾರವನ್ನು ಆರಂಭಿಸಿತು. ವಿದ್ಯುತ್ತಿನಿಂದ ನಡೆಯುವ ದೋಣಿಗಳು ಹೆಚ್ಚಿದಂತೆ, ಈ ಜಗಳವನ್ನು ಬಿಡಿಸಬಲ್ಲ ತರುಣರು ಊರೂರಿಗೆ ಬೇಕಾಗುವರು. ಅವರಿಗೆ ಬೇಕಾದ ಮೂಲಪಾಠ, ಪ್ರತಿಧ್ವನಿ, ವಿದ್ಯುತ್ತು, ಕಾಂತಕ್ಷೇತ್ರ, ಇವೆಲ್ಲವೂ ಪ್ರೌಢಶಾಲೆಯ ಪುಸ್ತಕದಲ್ಲಿಯೆ ಇವೆ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಈ ಅಧ್ಯಾಯಗಳನ್ನು ನಮ್ಮ ಮಕ್ಕಳು ದೋಣಿಯ ತಂತಿಗಳ ನಡುವೆ ಗುರುತಿಸಬಲ್ಲವರಾದರೆ, ಒಂದು ಮನೆಯ ಸಾಲವೂ ಒಂದು ದೋಣಿಯ ಅಪಾಯವೂ ತಪ್ಪೀತು.